ಎನ್‌ವಿಡಿಯಾ ಡ್ರೈವರ್ ಕೈಕೊಟ್ಟಾಗ: ಉಬುಂಟುವಿನಲ್ಲಿ ದೋಷ ಹುಡುಕುವ ಬಗೆ

ಡ್ರೈವರ್ ಹಾಕಿ ರೀಬೂಟ್ ಮಾಡಿದ ಮೇಲೆ ಸಾಮಾನ್ಯವಾಗಿ ಮೂರು ಬಗೆಯ ತೊಂದರೆ ಕಾಣಿಸುತ್ತದೆ. ಪರದೆ ಪೂರ್ತಿ ಕಪ್ಪು, ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಗೆರೆ ಮಾತ್ರ ಮಿಣುಕುತ್ತಿರುತ್ತದೆ. ಇಲ್ಲವೇ ಲಾಗಿನ್ ಪರದೆ ಬರುತ್ತದೆ, ಪಾಸ್‌ವರ್ಡ್ ಕೊಟ್ಟರೆ ಒಂದು ಕ್ಷಣ ಕಪ್ಪಾಗಿ ಮತ್ತೆ ಅಲ್ಲಿಗೇ ವಾಪಸ್. ಮೂರನೆಯದು ಸದ್ದಿಲ್ಲದ್ದು. ಡೆಸ್ಕ್‌ಟಾಪ್ ಮಾಮೂಲಿಯಾಗಿಯೇ ತೆರೆಯುತ್ತದೆ, ಆದರೆ 3ಡಿ ಚಿತ್ರ ಮಾಡುವ ಬ್ಲೆಂಡರ್ ಪ್ರೋಗ್ರಾಂಗೆ ಗ್ರಾಫಿಕ್ಸ್ ಕಾರ್ಡ್ ಕಾಣುವುದಿಲ್ಲ, ಗೇಮ್ ತಡವರಿಸುತ್ತದೆ, ಟರ್ಮಿನಲ್‌ನಲ್ಲಿ ‘ಎನ್‌ವಿಡಿಯಾ-ಎಸ್‌ಎಂಐ’ ಎಂದು ಕೊಟ್ಟರೆ ಡ್ರೈವರ್ ಜೊತೆ ಮಾತಾಡಲು ಆಗುತ್ತಿಲ್ಲ ಎಂಬ ಉತ್ತರ ಬರುತ್ತದೆ.

ಆಗ ಹೆಚ್ಚಿನವರು ಏನು ಮಾಡುತ್ತಾರೆ ಅಂದರೆ, ಡ್ರೈವರ್ ತೆಗೆದು ಮತ್ತೆ ಹಾಕುತ್ತಾರೆ. ಅದಾಗದಿದ್ದರೆ ಇನ್ನೊಂದು ಆವೃತ್ತಿ. ಅದೂ ಆಗದಿದ್ದರೆ ಎನ್‌ವಿಡಿಯಾ ತಾಣದಿಂದ ‘ರನ್’ ಫೈಲ್. ಕೊನೆಗೆ ಇಡೀ ಉಬುಂಟುವನ್ನೇ ಅಳಿಸಿ ಹೊಸದಾಗಿ ಹಾಕುತ್ತಾರೆ. ಒಂದು ದೋಷ ಇದ್ದದ್ದು ಮೂರಾಗುವುದು ಹೀಗೆ. ಡ್ರೈವರ್ ಅಂದರೆ ಒಂದೇ ತುಂಡಲ್ಲ. ಕಾರ್ಡ್ ಮದರ್‌ಬೋರ್ಡಿಗೆ ಕಾಣಬೇಕು. ಆ ಕಾರ್ಡಿಗೆ ಹೊಂದುವ ಆವೃತ್ತಿ ಇರಬೇಕು. ಈಗ ಓಡುತ್ತಿರುವ ಕರ್ನಲ್‌ಗೆ (ಲಿನಕ್ಸ್‌ನ ಒಳತಿರುಳು) ಮಾಡ್ಯೂಲ್ (ಅದರೊಳಗೆ ಸೇರುವ ಡ್ರೈವರ್ ತುಂಡು) ತಯಾರಾಗಿರಬೇಕು. ಆ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳಬೇಕು. ಮೇಲಿನ ಲೈಬ್ರರಿಗಳ ಆವೃತ್ತಿ ಅದಕ್ಕೆ ತಾಳೆಯಾಗಬೇಕು. ಕಡೆಗೆ ಪರದೆ ಮೂಡಿಸುವ ಪ್ರೋಗ್ರಾಂ ಅದನ್ನು ಬಳಸಬೇಕು. ಇದರಲ್ಲಿ ಎಲ್ಲಿ ಕಳಚಿದೆ ಎಂದು ಕೆಳಗಿನಿಂದ ನೋಡುತ್ತಾ ಬಂದರೆ, ಮರು ಇನ್‌ಸ್ಟಾಲ್ ಬೇಕೋ ಬೇಡವೋ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಎಷ್ಟೋ ಸಲ ಬೇಕಾಗುವುದೇ ಇಲ್ಲ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಉಬುಂಟು 22.04 ಮತ್ತು 24.04ಕ್ಕೆ. ಮಿಂಟ್ ಬಳಸುವವರಿಗೂ ಬಹುತೇಕ ಹೊಂದುತ್ತದೆ. ಕಮಾಂಡುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅದೇ ಉಚ್ಚಾರದ ಇಂಗ್ಲಿಷ್ ಅಕ್ಷರಗಳು, ದೊಡ್ಡಕ್ಷರ ಅಂತ ಹೇಳದ ಕಡೆ ಎಲ್ಲವೂ ಸಣ್ಣಕ್ಷರ. ಮುಂದೆ ‘ಸುಡೊ’ ಇದ್ದರೆ ಆ ಕಮಾಂಡ್ ಅಡ್ಮಿನ್ ಅಧಿಕಾರದಲ್ಲಿ ಓಡುತ್ತದೆ.

ಎಎಂಡಿ ಅಥವಾ ಇಂಟೆಲ್ ಕಾರ್ಡ್ ಇದ್ದವರಿಗೆ ಒಂದೇ ಮಾತು: ನೀವು ಡ್ರೈವರ್ ಹಾಕುವ ಕೆಲಸವೇ ಇಲ್ಲ. ಎಎಂಡಿಜಿಪಿಯು, ಐ915 ಇವೆಲ್ಲ ಕರ್ನಲ್ ಒಳಗೇ ಇವೆ, ಮೇಲಿನ ಅರ್ಧ ಮೆಸಾ ಎಂಬ ಗ್ರಾಫಿಕ್ಸ್ ಲೈಬ್ರರಿಯಲ್ಲಿದೆ. ಹೊಸ ಕಾರ್ಡ್ ಕೆಲಸ ಮಾಡದಿದ್ದರೆ ಕರ್ನಲ್, ಮೆಸಾ, ‘ಲಿನಕ್ಸ್-ಫರ್ಮ್‌ವೇರ್’ ಪ್ಯಾಕೇಜ್ ಈ ಮೂರನ್ನು ಹೊಸದು ಮಾಡಿ ನೋಡಿ. ಎಎಂಡಿ ತಾಣದಿಂದ ಏನನ್ನೋ ಇಳಿಸಿ ಹಾಕಬೇಡಿ. ಕಂಪ್ಯೂಟ್ ಕೆಲಸಕ್ಕೆ ಎಎಂಡಿಯ ರಾಕ್‌ಎಂ ತಂತ್ರಾಂಶ ಬೇಕಾದರೆ ಮಾತ್ರ ಅದು ಬೇರೆ ಕಥೆ.

ಮೊದಲು ಟೈಪ್ ಮಾಡಲು ಒಂದು ಜಾಗ ಬೇಕು

ಪರದೆ ಕಪ್ಪಾಗಿದ್ದರೂ ಯಂತ್ರ ಸತ್ತಿಲ್ಲದಿರಬಹುದು. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಅಕ್ಷರಗಳಷ್ಟೇ ಇರುವ ಲಾಗಿನ್ ಬಂದರೆ ಅರ್ಧ ಗೆದ್ದಂತೆ. ಕರ್ನಲ್ ಓಡುತ್ತಿದೆ, ಡಿಸ್ಕ್ ಚೆನ್ನಾಗಿದೆ, ದೋಷ ಗ್ರಾಫಿಕ್ಸ್ ಭಾಗದಲ್ಲಷ್ಟೇ ಇದೆ.

ನಿಮ್ಮ ಉಬುಂಟು ಕನ್ನಡ ಭಾಷೆಯಲ್ಲಿದ್ದರೆ ಇಲ್ಲೊಂದು ತಮಾಷೆ ಕಾದಿರುತ್ತದೆ. ಈ ಅಕ್ಷರದ ಪರದೆಗೆ ಕನ್ನಡ ಮೂಡಿಸಲು ಬರುವುದಿಲ್ಲ. ಸಂದೇಶಗಳ ಜಾಗದಲ್ಲಿ ಬರೀ ಚೌಕಗಳು ಕಾಣುತ್ತವೆ. ಗಾಬರಿ ಬೇಡ, ಅದು ಡ್ರೈವರ್ ದೋಷ ಅಲ್ಲ. ‘ಎಕ್ಸ್‌ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು, ದೊಡ್ಡಕ್ಷರಗಳಲ್ಲಿ ‘ಎಲ್‌ಸಿ_ಎಎಲ್‌ಎಲ್=ಸಿ’ ಎಂದು ಕೊಟ್ಟರೆ ಮುಂದಿನ ಉತ್ತರಗಳು ಇಂಗ್ಲಿಷ್‌ನಲ್ಲಿ ಬರುತ್ತವೆ. ಟರ್ಮಿನಲ್‌ನಲ್ಲೂ ಹೀಗೆ ಮಾಡುವುದು ಒಳ್ಳೆಯದು. ದೋಷದ ಸಾಲು ಇಂಗ್ಲಿಷ್‌ನಲ್ಲಿದ್ದರೆ ಹುಡುಕಿದಾಗ ಉತ್ತರ ಸಿಗುವುದು ಜಾಸ್ತಿ.

ಅಕ್ಷರದ ಪರದೆಯೂ ಬರಲಿಲ್ಲವೇ? ರೀಬೂಟ್ ಮಾಡಿ ಗ್ರಬ್ (ಉಬುಂಟುವನ್ನು ಬೂಟ್ ಮಾಡಿಸುವ ಪ್ರೋಗ್ರಾಂ) ಮೆನು ತೆರೆಯಿರಿ. ಉಬುಂಟು ಒಂದೇ ಇದ್ದರೆ ಈ ಮೆನು ಅಡಗಿರುತ್ತದೆ. ಕಂಪನಿಯ ಲೋಗೊ ಹೋಗುತ್ತಿದ್ದಂತೆ ಎಸ್ಕೇಪ್ ಕೀಲಿಯನ್ನು ಒಂದು ಸಲ ಒತ್ತಿ. ಹಳೆಯ ಬಯಾಸ್ ಯಂತ್ರವಾದರೆ ಶಿಫ್ಟ್ ಹಿಡಿದುಕೊಂಡಿರಿ. ಎಸ್ಕೇಪನ್ನು ಸುಮ್ನೆ ಪಟಪಟ ಒತ್ತಿದರೆ ಮೆನುವನ್ನೂ ದಾಟಿ ಗ್ರಬ್‌ನ ಖಾಲಿ ಕಮಾಂಡ್ ಸಾಲಿಗೆ ಹೋಗಿ ಬೀಳುತ್ತೀರಿ.

ಮೆನುವಿನಲ್ಲಿ ಮೊದಲು ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ ಹಿಂದಿನ ಕರ್ನಲ್ ಆರಿಸಿ ನೋಡಿ. ನಿನ್ನೆಯವರೆಗೆ ಚೆನ್ನಾಗಿದ್ದು ಇವತ್ತು ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ, ಹಳೆಯ ಕರ್ನಲ್‌ನಲ್ಲಿ ಎಲ್ಲ ಸರಿಯಾಗಿ ಬರುವ ಸಾಧ್ಯತೆ ಹೆಚ್ಚು. ಬಂದರೆ ದೋಷದ ಜಾಗವೂ ಸಿಕ್ಕಿತು: ಹೊಸ ಕರ್ನಲ್‌ಗೆ ಮಾಡ್ಯೂಲ್ ತಯಾರಾಗಿಲ್ಲ. ನೇರ ಆ ಭಾಗಕ್ಕೆ ಹೋಗಬಹುದು.

ಹಳೆ ಕರ್ನಲ್‌ನಿಂದಲೂ ಆಗದಿದ್ದರೆ, ಮೆನುವಿನಲ್ಲಿ ಉಬುಂಟು ಸಾಲಿನ ಮೇಲೆ ನಿಂತು ‘ಇ’ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಉದ್ದ ಸಾಲಿನ ಕೊನೆಗೆ ‘ನೊಮೋಡ್‌ಸೆಟ್’ ಎಂದು ಸೇರಿಸಿ ಎಫ್10 ಒತ್ತಿ. ಇದು ಈ ಒಂದು ಸಲದ ಬೂಟ್‌ಗೆ ಮಾತ್ರ. ಚಿತ್ರ ದಪ್ಪದಪ್ಪವಾಗಿ, ಕಡಿಮೆ ರೆಸಲ್ಯೂಷನ್‌ನಲ್ಲಿ ಬರುತ್ತದೆ. ಕೆಲಸಕ್ಕೆ ಅಷ್ಟು ಸಾಕು. ಇದನ್ನು ಗ್ರಬ್‌ನ ಸೆಟ್ಟಿಂಗ್ ಫೈಲಿಗೆ ಖಾಯಂ ಆಗಿ ಸೇರಿಸಿ ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ದಯವಿಟ್ಟು ಬೇಡ. ನೊಮೋಡ್‌ಸೆಟ್ ಇದ್ದರೆ ಲ್ಯಾಪ್‌ಟಾಪಿನ ಇಂಟೆಲ್ ಡ್ರೈವರ್ ಕೂಡ ಏಳುವುದಿಲ್ಲ. ಆಮೇಲೆ ಎನ್‌ವಿಡಿಯಾ ಸರಿಹೋದರೂ ಪರದೆ ಸರಿಹೋಗುವುದಿಲ್ಲ. ಹಾಕಿದ್ದು ಮರೆತುಹೋಗಿರುತ್ತದೆ, ವಾರಗಟ್ಟಲೆ ಬೇರೆಲ್ಲೋ ಹುಡುಕುತ್ತಿರುತ್ತೀರಿ. ಈಗಾಗಲೇ ಹಾಕಿಕೊಂಡಿದ್ದೀರಾ ಎಂದು ನೋಡಲು ‘ಕ್ಯಾಟ್ /ಪ್ರಾಕ್/ಸಿಎಂಡಿಲೈನ್’ ಕೊಟ್ಟು ಓದಿ.

ಕಾರ್ಡ್ ಯಾವುದು? ಡಬ್ಬದ ಮೇಲಿನ ಹೆಸರನ್ನು ನಂಬಬೇಡಿ

‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಡಿ. ಉದ್ದ ಪಟ್ಟಿ ಬರುತ್ತದೆ. ಡೆಸ್ಕ್‌ಟಾಪಿನಲ್ಲಿ ‘ವಿಜಿಎ ಕಂಪಾಟಿಬಲ್ ಕಂಟ್ರೋಲರ್’ ಎಂಬ ಸಾಲು ಹುಡುಕಿ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಯಾ ಚಿಪ್ ಅನೇಕ ಸಲ ‘3ಡಿ ಕಂಟ್ರೋಲರ್’ ಎಂಬ ಹೆಸರಲ್ಲಿ ಕೂತಿರುತ್ತದೆ. ವಿಜಿಎ ಅಂತ ಮಾತ್ರ ಹುಡುಕಿ, ‘ನನ್ನ ಕಾರ್ಡೇ ಕಾಣುತ್ತಿಲ್ಲ’ ಎನ್ನುವವರು ಬಹಳ ಮಂದಿ.

ನಿಜಕ್ಕೂ ಎಲ್ಲೂ ಎನ್‌ವಿಡಿಯಾ ಹೆಸರೇ ಇಲ್ಲ ಅಂದರೆ ಇದು ಡ್ರೈವರ್ ವಿಷಯವೇ ಅಲ್ಲ. ಕಾರ್ಡ್ ಸ್ಲಾಟಿನಲ್ಲಿ ಪೂರ್ತಿ ಕೂತಿದೆಯಾ, ಪವರ್ ಸಪ್ಲೈನಿಂದ ಬರುವ ಆರು ಅಥವಾ ಎಂಟು ಪಿನ್ನಿನ ಕನೆಕ್ಟರ್ ಸಿಕ್ಕಿಸಿದೆಯಾ ನೋಡಿ. ಗೇಮಿಂಗ್ ಲ್ಯಾಪ್‌ಟಾಪ್ ಆದರೆ, ವಿಂಡೋಸ್‌ನಲ್ಲಿ ಕಂಪನಿಯ ಆ್ಯಪ್ ‘ಇಕೊ’ ಮೋಡಿಗೆ ಹಾಕಿ ಚಿಪ್ಪನ್ನು ಆಫ್ ಮಾಡಿರಬಹುದು.

ಸಾಲು ಸಿಕ್ಕಿದ ಮೇಲೆ ಅದರಲ್ಲಿರುವ ಚಿಪ್ ಸಂಕೇತ ಓದಿ. ಜಿಎಫ್108, ಜಿಕೆ208, ಜಿಪಿ107, ಟಿಯು117, ಜಿಎ106 ಹೀಗೆ ಇರುತ್ತದೆ. ಮೊದಲ ಎರಡು ಅಕ್ಷರವೇ ಮುಖ್ಯ, ಯಾವ ಡ್ರೈವರ್ ಹೊಂದುತ್ತದೆ ಎಂದು ತೀರ್ಮಾನಿಸುವುದು ಅದು. ಜಿಎಫ್ ಅಂದರೆ ಫರ್ಮಿ, ಇದಕ್ಕೆ 390 ಸರಣಿಯೇ ಕೊನೆ. ಜಿಕೆ ಅಂದರೆ ಕೆಪ್ಲರ್, 470 ಕೊನೆ. ಜಿಎಂ, ಜಿಪಿ, ಜಿವಿ ಅಂದರೆ ಮ್ಯಾಕ್ಸ್‌ವೆಲ್, ಪ್ಯಾಸ್ಕಲ್, ವೋಲ್ಟಾ. ಇವಕ್ಕೆ 580 ಕೊನೆ. ಟಿಯು ಮತ್ತು ಅದರ ನಂತರದವು ಈಗಿನ ಎಲ್ಲ ಸರಣಿಗಳಲ್ಲೂ ನಡೆಯುತ್ತವೆ.

ಹೆಸರು ನಂಬಬೇಡಿ ಎಂದದ್ದಕ್ಕೆ ಜಿಟಿ 730 ಒಳ್ಳೆಯ ಉದಾಹರಣೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕಡಿಮೆ ಬೆಲೆಗೆ ಕಾರ್ಡ್ ಕೇಳಿದರೆ ಕೈಗೆ ಬರುವುದು ಇದು ಅಥವಾ ಜಿಟಿ 710. ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಚಿಪ್ಪುಗಳು ಮಾರಾಟವಾಗಿವೆ. 128 ಬಿಟ್‌ನ ಡಿಡಿಆರ್3 ಕಾರ್ಡಿನಲ್ಲಿರುವುದು ಜಿಎಫ್108. 64 ಬಿಟ್‌ನದರಲ್ಲಿ ಜಿಕೆ208. ಒಂದಕ್ಕೆ 390, ಇನ್ನೊಂದಕ್ಕೆ 470. ಗೆಳೆಯನ ಜಿಟಿ 730ರಲ್ಲಿ ನಡೆದ ಡ್ರೈವರ್ ನಿಮ್ಮ ಜಿಟಿ 730ರಲ್ಲಿ ನಡೆಯದಿದ್ದರೆ ಕಾರಣ ಇಷ್ಟೇ.

390ಕ್ಕೆ ಎನ್‌ವಿಡಿಯಾ ಬೆಂಬಲ 2022ರ ಕೊನೆಗೆ ಮುಗಿಯಿತು, 470ಕ್ಕೆ 2024ರಲ್ಲಿ. 390 ಅನ್ನು ಈಗಿನ ಕರ್ನಲ್‌ಗಳ ಮೇಲೆ ಹೊರಗಿನ ಪ್ಯಾಚ್ ಇಲ್ಲದೆ ಕಂಪೈಲ್ ಮಾಡಲು, ಅಂದರೆ ಸೋರ್ಸ್ ಕೋಡಿನಿಂದ ಕಟ್ಟಲು, ಆಗುವುದಿಲ್ಲ. ನನ್ನ ಮಾತು ಕೇಳುವುದಾದರೆ ಫರ್ಮಿ ಕಾರ್ಡ್ ಇರುವವರು ಲಿನಕ್ಸ್ ಜೊತೆಗೇ ಬರುವ ನೂವೋ ಎಂಬ ಮುಕ್ತ ಡ್ರೈವರಿನಲ್ಲೇ ಇದ್ದುಬಿಡಿ. ಬ್ರೌಸರ್, ಆಫೀಸ್ ಕೆಲಸ, ವಿಡಿಯೊ ಇಷ್ಟಕ್ಕೆ ಅದು ಸಾಕು. ಆ ಕಾರ್ಡಿಗಾಗಿ ಎರಡು ದಿನ ಒದ್ದಾಡುವುದರಲ್ಲಿ ಅರ್ಥವಿಲ್ಲ.

ತೀರಾ ಹೊಸ ಕಾರ್ಡಿನಲ್ಲಿ ತೊಂದರೆ ಇನ್ನೊಂದು ತುದಿಯದು. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ ಲಿನಕ್ಸ್ ಕರ್ನಲ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಎನ್‌ವಿಡಿಯಾ ಕಡೆಗೆ ಬೆರಳು ತೋರಿಸಿ ಬೈದದ್ದು ನೆನಪಿರಬಹುದು. ಅದಾಗಿ ಹತ್ತು ವರ್ಷಕ್ಕೆ, 2022ರ ಮೇ ತಿಂಗಳಲ್ಲಿ, ಕಂಪನಿ ತನ್ನ ಕರ್ನಲ್ ಮಾಡ್ಯೂಲಿನ ಮುಕ್ತ ರೂಪ ಹೊರಬಿಟ್ಟಿತು. ಹೀಗಾಗಿ ಈಗ ಒಂದೇ ಆವೃತ್ತಿಗೆ ಎರಡು ಪ್ಯಾಕೇಜುಗಳಿವೆ. ಒಂದರ ಹೆಸರಿನ ಕೊನೆಗೆ ‘-ಓಪನ್’ ಇದೆ, ಇನ್ನೊಂದಕ್ಕೆ ಇಲ್ಲ. ಆರ್‌ಟಿಎಕ್ಸ್ 50 ಸರಣಿಯ ಕಾರ್ಡುಗಳು ಓಪನ್ ಇದ್ದರೆ ಮಾತ್ರ ಏಳುತ್ತವೆ. ಜಿಟಿಎಕ್ಸ್ 1050, 1060 ಥರದ ಪ್ಯಾಸ್ಕಲ್ ಕಾರ್ಡುಗಳಿಗೆ ಓಪನ್ ನಡೆಯುವುದೇ ಇಲ್ಲ, ಅದಕ್ಕೆ ಬೇಕಾದ ಜಿಎಸ್‌ಪಿ ಎಂಬ ಪ್ರೊಸೆಸರ್ ಆ ಚಿಪ್ಪುಗಳಲ್ಲಿಲ್ಲ. ಟ್ಯೂರಿಂಗ್‌ನಿಂದ (ಟಿಯು) ಏಡಾವರೆಗಿನವು (ಎಡಿ) ಎರಡರಲ್ಲೂ ನಡೆಯುತ್ತವೆ. ತಪ್ಪು ಆರಿಸಿದ್ದರೆ ಕರ್ನಲ್ ಸಂದೇಶಗಳನ್ನು ತೋರಿಸುವ ‘ಸುಡೊ ಡಿಎಂಇಎಸ್‌ಜಿ’ ಉತ್ತರದಲ್ಲಿ ‘ಎನ್‌ವಿಆರ್‌ಎಂ’ ಎಂದು ಶುರುವಾಗುವ ಸಾಲು ಅದನ್ನು ನೇರವಾಗಿಯೇ ಹೇಳುತ್ತದೆ. ಓದುವವರು ಕಡಿಮೆ.

‘ಉಬುಂಟು-ಡ್ರೈವರ್ಸ್ ಡಿವೈಸಸ್’ ಕೊಟ್ಟರೆ ನಿಮ್ಮ ಕಾರ್ಡಿಗೆ ಹೊಂದುವ ಪ್ಯಾಕೇಜುಗಳ ಪಟ್ಟಿ ಬರುತ್ತದೆ. ಒಂದರ ಮುಂದೆ ‘ರೆಕಮೆಂಡೆಡ್’ ಎಂದಿರುತ್ತದೆ. ವಿಶೇಷ ಕಾರಣ ಇಲ್ಲದಿದ್ದರೆ ಅದನ್ನೇ ಹಾಕಿ. ಅತಿ ಹೊಸದೇ ಬೇಕು ಎಂಬ ಹಟ ಬೇಡ.

ಡ್ರೈವರ್ ಎಲ್ಲಿಂದ ಬಂತು?

ಉಬುಂಟುವಿನ ಸ್ವಂತ ಪ್ಯಾಕೇಜು, ಗ್ರಾಫಿಕ್ಸ್ ಡ್ರೈವರ್ಸ್ ಪಿಪಿಎ (ಬೇರೆಯಾಗಿ ಸೇರಿಸಿಕೊಳ್ಳುವ ಪ್ಯಾಕೇಜ್ ಭಂಡಾರ), ಎನ್‌ವಿಡಿಯಾದ ಕುಡಾ (ಕಾರ್ಡಿನಿಂದ ಲೆಕ್ಕದ ಕೆಲಸ ಮಾಡಿಸುವ ತಂತ್ರಾಂಶ) ರೆಪೊಸಿಟರಿ, ತಾಣದಿಂದ ಇಳಿಸಿದ ರನ್ ಫೈಲ್. ಡ್ರೈವರ್ ಬರುವ ದಾರಿ ಇವು ನಾಲ್ಕು. ಯಾವುದಾದರೂ ಒಂದು ಇದ್ದರೆ ಪರವಾಗಿಲ್ಲ. ಎರಡು ಸೇರಿದರೆ, ಇಬ್ಬರು ಅಡುಗೆಯವರು ಒಬ್ಬರಿಗೊಬ್ಬರು ಹೇಳದೆ ಒಂದೇ ಸಾರಿಗೆ ಉಪ್ಪು ಹಾಕಿದಂತೆ ಆಗುತ್ತದೆ.

ರನ್ ಫೈಲ್ ಯಾವತ್ತಾದರೂ ಓಡಿಸಿದ್ದೀರಾ ಎಂದು ತಿಳಿಯಲು ‘/ಯುಎಸ್‌ಆರ್/ಬಿನ್’ ಒಳಗೆ ‘ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್’ ಇದೆಯಾ ನೋಡಿ. ಇದ್ದರೆ ಮೊದಲು ಅದನ್ನೇ ಸುಡೊ ಜೊತೆ ಓಡಿಸಿ ಆ ಡ್ರೈವರ್ ತೆಗೆಯಿರಿ. ಪ್ಯಾಕೇಜ್ ಹಾಕುವ, ತೆಗೆಯುವ ಆಪ್ಟ್‌ಗೆ ಆ ಫೈಲುಗಳ ಸುದ್ದಿಯೇ ಗೊತ್ತಿರುವುದಿಲ್ಲ, ಹಾಗಾಗಿ ಪರ್ಜ್ (ಪೂರ್ತಿ ತೆಗೆಯುವುದು) ಮಾಡಿದರೂ ಅವು ಉಳಿದಿರುತ್ತವೆ.

ಕುಡಾ ಕಲಿಯಲು ಹೊರಟ ವಿದ್ಯಾರ್ಥಿಗಳಲ್ಲಿ ಪದೇ ಪದೇ ಕಾಣುವುದು ಇದು. ಉಬುಂಟುವಿನ ಡ್ರೈವರ್ ಚೆನ್ನಾಗಿ ನಡೆಯುತ್ತಿರುತ್ತದೆ. ಎನ್‌ವಿಡಿಯಾ ರೆಪೊಸಿಟರಿ ಸೇರಿಸಿ ‘ಕುಡಾ’ ಎಂಬ ಪ್ಯಾಕೇಜ್ ಹಾಕುತ್ತಾರೆ. ಅದು ತನ್ನದೇ ಡ್ರೈವರನ್ನೂ ಎಳೆದು ತರುತ್ತದೆ. ಅಲ್ಲಿಗೆ ಮುಗಿಯಿತು. ಡ್ರೈವರ್ ಈಗಾಗಲೇ ಇದ್ದರೆ ‘ಕುಡಾ-ಟೂಲ್‌ಕಿಟ್’ ಮಾತ್ರ ಹಾಕಿ, ಅದು ಡ್ರೈವರಿಗೆ ಕೈ ಹಚ್ಚುವುದಿಲ್ಲ. ಹಾಗೆಯೇ ಎನ್‌ವಿಡಿಯಾ-ಎಸ್‌ಎಂಐ ಬಲಮೂಲೆಯಲ್ಲಿ ತೋರಿಸುವ ಕುಡಾ ಆವೃತ್ತಿ ನೀವು ಹಾಕಿರುವ ಕುಡಾದ್ದಲ್ಲ. ಈ ಡ್ರೈವರ್ ಗರಿಷ್ಠ ಯಾವ ಆವೃತ್ತಿಯವರೆಗೆ ಹೊಂದುತ್ತದೆ ಎಂಬುದಷ್ಟೇ. ಅದನ್ನು ನೋಡಿ ‘ಕುಡಾ ಇದೆ, ಆದರೂ ನಡೆಯುತ್ತಿಲ್ಲ’ ಎಂದು ತಲೆ ಕೆಡಿಸಿಕೊಳ್ಳಬೇಡಿ.

ಪೂರ್ತಿ ತೆಗೆದು ಮತ್ತೆ ಶುರು ಮಾಡಲೇಬೇಕಾದ ಸಂದರ್ಭ ನನ್ನ ಪ್ರಕಾರ ಇದೊಂದೇ, ಎರಡು ಮೂಲ ಬೆರೆತಾಗ. ‘ಡಿಪಿಕೆಜಿ -ಎಲ್’ ಪಟ್ಟಿಯಲ್ಲಿ ಎನ್‌ವಿಡಿಯಾ ಹೆಸರಿನ ಪ್ಯಾಕೇಜುಗಳನ್ನು ನೋಡಿ. ಅವನ್ನು ‘ಸುಡೊ ಆಪ್ಟ್ ಪರ್ಜ್’ ಮೂಲಕ ತೆಗೆಯಿರಿ. ‘ವೈ’ ಒತ್ತುವ ಮೊದಲು ಏನೇನು ಹೋಗುತ್ತದೆ ಎಂಬ ಪಟ್ಟಿ ಓದಿ. ಅದರಲ್ಲಿ ಗ್ನೋಮ್-ಶೆಲ್ ಅಥವಾ ಉಬುಂಟು-ಡೆಸ್ಕ್‌ಟಾಪ್ ಕಂಡರೆ ಅಲ್ಲೇ ನಿಲ್ಲಿಸಿ. ಬೇಡದ ರೆಪೊಸಿಟರಿಯನ್ನು ಪಟ್ಟಿಯಿಂದ ತೆಗೆದು, ಆಪ್ಟ್ ಅಪ್‌ಡೇಟ್ ಮಾಡಿ, ಆಮೇಲೆ ‘ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್’ ಕೊಡಿ.

ಮಾಡ್ಯೂಲ್ ತಯಾರಾಗಿದೆಯಾ?

‘ಯುನೇಮ್ -ಆರ್’ ಈಗ ಓಡುತ್ತಿರುವ ಕರ್ನಲ್ ಯಾವುದೆಂದು ಹೇಳುತ್ತದೆ. ‘ಮಾಡ್‌ಇನ್ಫೊ ಎನ್‌ವಿಡಿಯಾ’ ಕೊಟ್ಟಾಗ ವಿವರ ಬಂದರೆ ಆ ಕರ್ನಲ್‌ಗೆ ಮಾಡ್ಯೂಲ್ ಇದೆ. ‘ನಾಟ್ ಫೌಂಡ್’ ಬಂದರೆ ಇಲ್ಲ.

ಉಬುಂಟುವಿನಲ್ಲಿ ಮಾಡ್ಯೂಲ್ ಎರಡು ಬಗೆಯಲ್ಲಿ ಬರುತ್ತದೆ. ‘ಲಿನಕ್ಸ್-ಮಾಡ್ಯೂಲ್ಸ್-ಎನ್‌ವಿಡಿಯಾ’ ಎಂದು ಶುರುವಾಗುವ ಪ್ಯಾಕೇಜಿನಲ್ಲಿ ಮೊದಲೇ ತಯಾರಾಗಿ, ಉಬುಂಟು ತಯಾರಿಸುವ ಕಂಪನಿಯಾದ ಕೆನಾನಿಕಲ್ ಸಹಿ ಹಾಕಿಸಿಕೊಂಡು ಬರುತ್ತದೆ. ಇಲ್ಲವೇ ಡಿಕೆಎಂಎಸ್ ಎಂಬ ಪ್ರೋಗ್ರಾಂ ಅದನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡುತ್ತದೆ. ಮೊದಲನೆಯದು ಸಿಗುವುದಾದರೆ ಅದನ್ನೇ ಬಳಸಿ. ಇಲ್ಲಿ ಮತ್ತು ಮುಂದಿನ ಭಾಗದಲ್ಲಿ ಹೇಳುವ ಮುಕ್ಕಾಲು ತಾಪತ್ರಯ ಅದರಿಂದಲೇ ತಪ್ಪುತ್ತದೆ.

ಡಿಕೆಎಂಎಸ್ ಆದರೆ ‘ಡಿಕೆಎಂಎಸ್ ಸ್ಟೇಟಸ್’ ನೋಡಿ. ನಿಮ್ಮ ಕರ್ನಲ್ ಹೆಸರಿನ ಮುಂದೆ ‘ಇನ್‌ಸ್ಟಾಲ್ಡ್’ ಎಂದಿರಬೇಕು. ಬರೀ ‘ಆ್ಯಡೆಡ್’ ಎಂದಿದ್ದರೆ ಕಂಪೈಲ್ ಆಗಿಲ್ಲ. ಎಲ್ಲಕ್ಕಿಂತ ಸಾಮಾನ್ಯ ಕಾರಣ ಕಂಪೈಲ್ ಮಾಡಲು ಬೇಕಾದ ಆ ಕರ್ನಲ್‌ನ ಹೆಡರ್ ಫೈಲುಗಳು ಇಲ್ಲದಿರುವುದು. ‘ಲಿನಕ್ಸ್-ಹೆಡರ್ಸ್-ಜೆನೆರಿಕ್’ ಪ್ಯಾಕೇಜ್ ಹಾಕಿದರೆ ಮುಂದೆ ಪ್ರತಿ ಕರ್ನಲ್ ಜೊತೆ ಹೆಡರ್ ತಾನಾಗಿಯೇ ಬರುತ್ತದೆ. ಎಚ್‌ಡಬ್ಲ್ಯೂಇ ಕರ್ನಲ್ (ಹೊಸ ಯಂತ್ರಗಳಿಗಾಗಿ ಉಬುಂಟು ಕೊಡುವ ಹೊಸ ಕರ್ನಲ್) ಬಳಸುವವರು ಅದರ ಎಚ್‌ಡಬ್ಲ್ಯೂಇ ರೂಪವನ್ನು ಹಾಕಬೇಕು.

ಹೆಡರ್ ಇದ್ದೂ ಕಂಪೈಲ್ ಸೋತರೆ ‘/ವಾರ್/ಲಿಬ್/ಡಿಕೆಎಂಎಸ್/ಎನ್‌ವಿಡಿಯಾ’ ಒಳಗೆ, ಆವೃತ್ತಿಯ ಹೆಸರಿನ ಫೋಲ್ಡರಿನ ‘ಬಿಲ್ಡ್’ ಒಳಗೆ ‘ಮೇಕ್.ಲಾಗ್’ ಇರುತ್ತದೆ. ಕೊನೆಯ ಸಾಲು ಓದಿ ಪ್ರಯೋಜನವಿಲ್ಲ, ಅದು ಯಾವಾಗಲೂ ‘ಎರರ್ 2’ ಅಂತಲೇ ಇರುತ್ತದೆ. ಮೇಲಿನಿಂದ ಬಂದು ಮೊದಲು ಸಿಗುವ ಎರರ್ ಓದಿ. ಒಂದು ನಿಜ ಉದಾಹರಣೆ: ಉಬುಂಟು 22.04ಕ್ಕೆ 6.5 ಕರ್ನಲ್ ಬಂದಾಗ ಅನೇಕರ ಡ್ರೈವರ್ ನಿಂತುಹೋಯಿತು. ಲಾಗ್‌ನಲ್ಲಿ ‘ಟ್ರಿವಿಯಲ್-ಆಟೊ-ವಾರ್-ಇನಿಟ್’ ಎಂಬ ಆಯ್ಕೆ ಗೊತ್ತಿಲ್ಲ ಎಂಬ ಸಾಲು. ಆ ಕರ್ನಲನ್ನು ಜಿಸಿಸಿ 12ರಲ್ಲಿ ಕಂಪೈಲ್ ಮಾಡಿದ್ದರು, 22.04ರಲ್ಲಿ ಮಾಮೂಲಿಯಾಗಿ ಇರುವುದು ಜಿಸಿಸಿ 11. ‘ಜಿಸಿಸಿ-12’ ಪ್ಯಾಕೇಜ್ ಹಾಕಿ ‘ಸುಡೊ ಡಿಕೆಎಂಎಸ್ ಆಟೊಇನ್‌ಸ್ಟಾಲ್’ ಕೊಟ್ಟರೆ ಸರಿಹೋಗುತ್ತಿತ್ತು. ಎಷ್ಟು ಸಲ ಡ್ರೈವರ್ ತೆಗೆದು ಹಾಕಿದರೂ ಅದು ಸರಿಹೋಗುತ್ತಿರಲಿಲ್ಲ ಅಲ್ವಾ.

ನಮ್ಮ ಕಡೆ ಇನ್ನೊಂದು ಕಾರಣ ಇದ್ದೇ ಇದೆ, ಕರೆಂಟ್. ಡ್ರೈವರ್ ಕಂಪೈಲ್ ಆಗುತ್ತಿರುವಾಗಲೇ ಕರೆಂಟ್ ಹೋಗಿ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಪಟ್ಟನೆ ಆರಿಹೋದರೆ ಪ್ಯಾಕೇಜುಗಳು ಅರ್ಧಕ್ಕೆ ನಿಂತಿರುತ್ತವೆ. ‘ಡಿಪಿಕೆಜಿ -ಎಲ್’ ಪಟ್ಟಿಯ ಮೊದಲ ಕಾಲಂನಲ್ಲಿ ಎರಡು ಸಣ್ಣ ‘ಐ’ ಇರಬೇಕಾದ ಕಡೆ ಎರಡನೆಯದು ದೊಡ್ಡ ‘ಎಫ್’ ಅಥವಾ ‘ಯು’ ಆಗಿರುತ್ತದೆ. ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’, ಆಮೇಲೆ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಬಹುತೇಕ ಇಷ್ಟರಲ್ಲೇ ಮುಗಿಯುತ್ತದೆ.

‘ಡಿಎಫ್ -ಎಚ್ /ಬೂಟ್’ ಕೂಡ ಒಮ್ಮೆ ನೋಡಿಬಿಡಿ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದವರಿಗೆ ಬೂಟ್ ಬೇರೆ ಪಾರ್ಟಿಷನ್ ಆಗಿರುತ್ತದೆ, ಸಣ್ಣದು. ಹಳೆಯ ಕರ್ನಲ್‌ಗಳಿಂದ ಅದು ತುಂಬಿದ್ದರೆ ಬೂಟ್‌ನ ಶುರುವಿಗೆ ಬೇಕಾದ ಇನಿಟ್‌ರಾಮ್‌ಎಫ್‌ಎಸ್ ಫೈಲ್ ಬರೆಯಲು ಜಾಗವೇ ಇರುವುದಿಲ್ಲ. ‘ಸುಡೊ ಆಪ್ಟ್ ಆಟೊರಿಮೂವ್ --ಪರ್ಜ್’ ಹಳೆಯವನ್ನು ತೆಗೆಯುತ್ತದೆ.

ತಯಾರಾಗಿದೆ, ಆದರೆ ಒಳಗೆ ಬಿಡುತ್ತಿಲ್ಲ

‘ಸುಡೊ ಮಾಡ್‌ಪ್ರೋಬ್ ಎನ್‌ವಿಡಿಯಾ’ ಕೊಡಿ. ಏನೂ ಹೇಳದೆ ಸುಮ್ಮನಿದ್ದರೆ ಮಾಡ್ಯೂಲ್ ಒಳಗೆ ಹೋಯಿತು. ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದರೆ ತಡೆದದ್ದು ಸೆಕ್ಯೂರ್ ಬೂಟ್. ಹಳೆ ಕರ್ನಲ್‌ಗಳಲ್ಲಿ ‘ರಿಕ್ವೈರ್ಡ್ ಕೀ ನಾಟ್ ಅವೈಲಬಲ್’ ಎಂದು ಬರುತ್ತಿತ್ತು. ವಿಂಡೋಸ್ ಜೊತೆ ಬಂದ ಲ್ಯಾಪ್‌ಟಾಪುಗಳಲ್ಲಿ ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ. ‘ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ಕೊಟ್ಟರೆ ಸೆಕ್ಯೂರ್ ಬೂಟ್ ಆನ್ ಇದೆಯಾ ಎಂದು ಗೊತ್ತಾಗುತ್ತದೆ.

ಒಳಗೆ ನಡೆಯುವುದು ಇಷ್ಟು. ಸೆಕ್ಯೂರ್ ಬೂಟ್ ಆನ್ ಇದ್ದಾಗ, ತನಗೆ ಗೊತ್ತಿರುವ ಕೀಲಿಯಿಂದ ಸಹಿ ಆದ ಮಾಡ್ಯೂಲನ್ನು ಮಾತ್ರ ಕರ್ನಲ್ ಒಪ್ಪುತ್ತದೆ. ನಿಮ್ಮ ಯಂತ್ರದಲ್ಲೇ ಕಂಪೈಲ್ ಆದದ್ದಕ್ಕೆ ಡಿಕೆಎಂಎಸ್ ಒಂದು ಸ್ಥಳೀಯ ಕೀಲಿಯಿಂದ ಸಹಿ ಹಾಕುತ್ತದೆ. ಅದರ ಹೆಸರು ಎಂಒಕೆ, ಯಂತ್ರದ ಮಾಲೀಕರ ಕೀಲಿ. ಈ ಕೀಲಿ ನಿಮ್ಮದೇ ಎಂದು ಬೂಟ್ ವ್ಯವಸ್ಥೆಗೆ ನೀವು ಒಮ್ಮೆ ಹೇಳಬೇಕು, ಅದೂ ಯಂತ್ರದ ಮುಂದೆ ಕೂತು, ಕೀಬೋರ್ಡಿನಿಂದ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿತ್ತಲ್ಲ, ಅದು ಇದಕ್ಕೇ. ರೀಬೂಟ್ ಆದಾಗ ನೀಲಿ ಪರದೆ ಬರುತ್ತದೆ, 10 ಸೆಕೆಂಡಿನೊಳಗೆ ಒಂದು ಕೀಲಿ ಒತ್ತಿ ಎನ್ನುತ್ತದೆ. ಒತ್ತದಿದ್ದರೆ ಸುಮ್ಮನೆ ಮುಂದೆ ಹೋಗಿಬಿಡುತ್ತದೆ. ಇಲ್ಲಿ ಕಾಫಿಗೆ ಎದ್ದು ಹೋದವರಿಗೆ ಡ್ರೈವರ್ ಸಿಗುವುದಿಲ್ಲ. ಇನ್ನು ಕೆಲವರು ನೀಲಿ ಬಣ್ಣ ಕಂಡು ಹೆದರಿ ‘ಕಂಟಿನ್ಯೂ ಬೂಟ್’ ಒತ್ತುತ್ತಾರೆ.

ತಪ್ಪಿಹೋಗಿದ್ದರೆ ಮತ್ತೆ ಕರೆಸಬಹುದು. ‘ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್‌ರೋಲ್-ಕೀ’ ಕೊಡಿ. ಅದು ಪಾಸ್‌ವರ್ಡ್ ಕೇಳುತ್ತದೆ. 8ರಿಂದ 16 ಅಕ್ಷರ, ಸಣ್ಣಕ್ಷರ ಮತ್ತು ಅಂಕಿ ಮಾತ್ರ ಇರಲಿ. ನೀಲಿ ಪರದೆಯಲ್ಲಿ ಕೀಬೋರ್ಡ್ ಅಮೆರಿಕನ್ ವಿನ್ಯಾಸದಲ್ಲಿ ಇರುತ್ತದೆ, ಚಿಹ್ನೆಗಳು ಬೇರೆ ಕಡೆ ಇರಬಹುದು. ಈ ಪಾಸ್‌ವರ್ಡಿನ ಬಳಕೆ ಅದೊಂದೇ ಸಲ. ರೀಬೂಟ್ ಮಾಡಿ, ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’, ‘ಕಂಟಿನ್ಯೂ’, ‘ಎಸ್’, ಪಾಸ್‌ವರ್ಡ್, ‘ರೀಬೂಟ್’. ಕೀಲಿ ಈಗಾಗಲೇ ನೋಂದಣಿ ಆಗಿದೆ ಎಂದು ಕಮಾಂಡ್ ಹೇಳಿದರೆ ತೊಂದರೆ ಸಹಿಯಲ್ಲಿದೆ. ಆಗ ‘ಮಾಡ್‌ಇನ್ಫೊ’ ಉತ್ತರದಲ್ಲಿ ‘ಸೈನರ್’ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಮಾಡ್ಯೂಲನ್ನು ಡಿಕೆಎಂಎಸ್‌ನಿಂದ ಮತ್ತೆ ಕಟ್ಟಿಸಬೇಕು.

ಸೆಕ್ಯೂರ್ ಬೂಟನ್ನೇ ಆಫ್ ಮಾಡಿದರೆ ಆಯಿತಲ್ಲ ಎಂದು ಕೇಳಬಹುದು. ಮಾಡಬಹುದು, ಕೆಲಸವೂ ಆಗುತ್ತದೆ. ಆದರೆ ಅದೇ ಡಿಸ್ಕಿನಲ್ಲಿ ಬಿಟ್‌ಲಾಕರ್ (ಡಿಸ್ಕ್ ಎನ್‌ಕ್ರಿಪ್ಷನ್) ಹಾಕಿದ ವಿಂಡೋಸ್ ಇದ್ದರೆ ಮುಂದಿನ ಸಲ ಅದು 48 ಅಂಕಿಯ ರಿಕವರಿ ಕೀ ಕೇಳಿ ಕೂರುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ತಾನಾಗಿಯೇ ಆನ್ ಆಗಿರುವುದು ಮಾಲೀಕರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಆಫೀಸಿನ ಲ್ಯಾಪ್‌ಟಾಪ್ ಆದರೆ ಆ ಕೀ ಐಟಿ ವಿಭಾಗದವರ ಹತ್ತಿರ ಇರುತ್ತದೆ. ಮೊದಲು ಅದನ್ನು ಕೈಯಲ್ಲಿಟ್ಟುಕೊಳ್ಳಿ.

ಸಹಿಯ ತಕರಾರಿಲ್ಲದೆ ‘ನೋ ಸಚ್ ಡಿವೈಸ್’ ಬಂದರೆ, ಒಂದೋ ಆವೃತ್ತಿ ಕಾರ್ಡಿಗೆ ಹೊಂದುತ್ತಿಲ್ಲ, ಇಲ್ಲವೇ ನೂವೋ ಮೊದಲೇ ಕಾರ್ಡನ್ನು ಹಿಡಿದು ಕೂತಿದೆ. ಎಲ್‌ಎಸ್‌ಪಿಸಿಐ ಉತ್ತರದಲ್ಲಿ ‘ಕರ್ನಲ್ ಡ್ರೈವರ್ ಇನ್ ಯೂಸ್’ ಸಾಲು ನೋಡಿದರೆ ಗೊತ್ತಾಗುತ್ತದೆ. ಉಬುಂಟು ಪ್ಯಾಕೇಜ್ ನೂವೋವನ್ನು ತಡೆಯುವ ಫೈಲನ್ನು ತಾನೇ ಇಡುತ್ತದೆ, ಆದರೆ ಇನಿಟ್‌ರಾಮ್‌ಎಫ್‌ಎಸ್ ಹಳೆಯದೇ ಉಳಿದಿದ್ದರೆ ಆ ತಡೆ ಬೂಟ್‌ನ ಮೊದಲ ಕ್ಷಣಗಳಲ್ಲಿ ಇರುವುದೇ ಇಲ್ಲ. ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಕೊಟ್ಟು ರೀಬೂಟ್ ಮಾಡಿ.

ಆವೃತ್ತಿ ತಾಳೆಯಾಗುತ್ತಿಲ್ಲ

ಎನ್‌ವಿಡಿಯಾ-ಎಸ್‌ಎಂಐ ‘ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್’ ಎಂದರೆ ರೀಬೂಟ್ ಮಾಡಿ. ಹಿನ್ನೆಲೆಯಲ್ಲಿ ಅಪ್‌ಡೇಟ್ ಆಗಿ ಲೈಬ್ರರಿ ಹೊಸದಾಗಿದೆ, ಮೆಮೊರಿಯಲ್ಲಿ ಹಳೆ ಮಾಡ್ಯೂಲ್ ಇದೆ, ಅಷ್ಟೇ. ರೀಬೂಟ್ ಆದ ಮೇಲೂ ಹಾಗೇ ಇದ್ದರೆ ‘/ಪ್ರಾಕ್/ಡ್ರೈವರ್/ಎನ್‌ವಿಡಿಯಾ/ವರ್ಷನ್’ ಓದಿ, ಅಲ್ಲಿನ ಸಂಖ್ಯೆಯನ್ನು ಡಿಪಿಕೆಜಿ ಪಟ್ಟಿಯ ಜೊತೆ ಹೋಲಿಸಿ. ಬೇರೆ ಬೇರೆ ಇದ್ದರೆ ಮೇಲೆ ಹೇಳಿದ ಎರಡು ಮೂಲದ ಕಥೆಗೆ ವಾಪಸ್.

ಎಲ್ಲ ಸರಿ, ಪರದೆ ಮಾತ್ರ ಇಲ್ಲ

ಎನ್‌ವಿಡಿಯಾ-ಎಸ್‌ಎಂಐ ಪಟ್ಟಿ ಚೆನ್ನಾಗಿ ಬಂದರೆ ಡ್ರೈವರ್ ಆರೋಗ್ಯವಾಗಿದೆ. ಇನ್ನು ಅದನ್ನು ಮುಟ್ಟಬೇಡಿ.

ಲಾಗಿನ್ ಮತ್ತೆ ಮತ್ತೆ ಅಲ್ಲಿಗೇ ಬರುತ್ತಿದ್ದರೆ ಮೊದಲು ‘ಡಿಎಫ್ -ಎಚ್’ ಕೊಟ್ಟು ಡಿಸ್ಕ್ ತುಂಬಿದೆಯಾ ನೋಡಿ. ನಿಮ್ಮ ಹೋಮ್ ಫೋಲ್ಡರಿನ ‘.ಎಕ್ಸ್‌ಅಥಾರಿಟಿ’ (‘ಎಕ್ಸ್’ ದೊಡ್ಡಕ್ಷರ) ಫೈಲಿನ ಮಾಲೀಕ ರೂಟ್ ಆಗಿದ್ದರೂ ಹೀಗೇ ಆಗುತ್ತದೆ. ಆ ಫೈಲನ್ನು ಸುಡೊ ಜೊತೆ ಅಳಿಸಿದರೆ ಹೊಸದು ತಾನಾಗಿ ಹುಟ್ಟುತ್ತದೆ. ಎರಡಕ್ಕೂ ಗ್ರಾಫಿಕ್ಸ್‌ಗೂ ಸಂಬಂಧವಿಲ್ಲ, ಆದರೂ ಬೈಗುಳ ಡ್ರೈವರಿಗೇ. ಇದಾದ ಮೇಲೆ ‘/ಇಟಿಸಿ/ಎಕ್ಸ್11’ (ಇಲ್ಲೂ ‘ಎಕ್ಸ್’ ದೊಡ್ಡಕ್ಷರ) ಒಳಗೆ ‘ಎಕ್ಸ್‌ಆರ್ಗ್.ಕಾನ್ಫ್’ ಇದೆಯಾ ನೋಡಿ. ಎಂದೋ ‘ಎನ್‌ವಿಡಿಯಾ-ಎಕ್ಸ್‌ಕಾನ್ಫಿಗ್’ ಓಡಿಸಿದಾಗ ಹುಟ್ಟಿದ್ದು. ಈಗ ಹೆಚ್ಚಿನವರಿಗೆ ಅದು ಬೇಕಿಲ್ಲ. ಹೆಸರು ಬದಲಿಸಿ ಪಕ್ಕಕ್ಕಿಡಿ.

ವೇಲ್ಯಾಂಡ್ (ಪರದೆ ಮೂಡಿಸುವ ಹೊಸ ವ್ಯವಸ್ಥೆ, ಹಳೆಯದು ಎಕ್ಸ್‌ಆರ್ಗ್) ಸೆಷನ್ ಕಾಣದಿದ್ದರೆ ಅಥವಾ ಕಪ್ಪಾದರೆ ‘/ಸಿಸ್/ಮಾಡ್ಯೂಲ್/ಎನ್‌ವಿಡಿಯಾ_ಡಿಆರ್‌ಎಂ/ಪ್ಯಾರಾಮೀಟರ್ಸ್/ಮೋಡ್‌ಸೆಟ್’ ಫೈಲಿನಲ್ಲಿ ‘ವೈ’ ಇರಬೇಕು. ಸುಡೊ ಜೊತೆ ಓದಿ. ತಾತ್ಕಾಲಿಕವಾಗಿ ಲಾಗಿನ್ ಪರದೆಯ ಕೆಳಮೂಲೆಯ ಚಕ್ರದ ಗುರುತಿನಲ್ಲಿ ‘ಉಬುಂಟು ಆನ್ ಎಕ್ಸ್‌ಆರ್ಗ್’ ಆರಿಸಬಹುದು. 25.10ರಿಂದ ಈ ಆಯ್ಕೆಯನ್ನೇ ತೆಗೆದಿದ್ದಾರೆ.

ಇಂಟೆಲ್ ಜೊತೆ ಎನ್‌ವಿಡಿಯಾ ಇರುವ ಲ್ಯಾಪ್‌ಟಾಪಿನಲ್ಲಿ ಚಿತ್ರ ಬಿಡಿಸುತ್ತಿರುವುದು ಯಾವುದೆಂದು ಹೇಳುವ ‘ಜಿಎಲ್‌ಎಕ್ಸ್‌ಇನ್ಫೊ’ ಇಂಟೆಲ್ ಹೆಸರು ತೋರಿಸಿದರೆ ಅದು ದೋಷವೇ ಅಲ್ಲ. ‘ಆನ್-ಡಿಮಾಂಡ್’ ಮೋಡಿನಲ್ಲಿ ಡೆಸ್ಕ್‌ಟಾಪ್ ಮೂಡಿಸುವುದು ಇಂಟೆಲ್, ಕೇಳಿದಾಗ ಮಾತ್ರ ಎನ್‌ವಿಡಿಯಾ ಏಳುತ್ತದೆ. ಬ್ಯಾಟರಿ ಉಳಿಯುವುದೇ ಅದರಿಂದ. ಬೇಕಾದ ಪ್ರೋಗ್ರಾಂ ಹೆಸರಿನ ಮುಂದೆ ‘ಪ್ರೈಮ್-ರನ್’ ಸೇರಿಸಿ ಓಡಿಸಿ, ಅಥವಾ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ರೀಟ್ ಗ್ರಾಫಿಕ್ಸ್ ಕಾರ್ಡಿನ ಆಯ್ಕೆ ಕೊಡಿ. ‘ಎಲ್‌ಎಲ್‌ವಿಎಂಪೈಪ್’ ಎಂದು ತೋರಿಸಿದರೆ ಮಾತ್ರ ಚಿಂತೆ ಮಾಡಿ. ಅಂದರೆ ಯಾವ ಕಾರ್ಡೂ ಕೆಲಸ ಮಾಡುತ್ತಿಲ್ಲ, ಎಲ್ಲ ಚಿತ್ರವನ್ನೂ ಪ್ರೊಸೆಸರೇ ಬಿಡಿಸುತ್ತಿದೆ.

ಲ್ಯಾಪ್‌ಟಾಪ್ ಪರದೆ ಬರುತ್ತಿದೆ, ಎಚ್‌ಡಿಎಂಐ ಮಾನಿಟರ್ ಬರುತ್ತಿಲ್ಲವೇ? ಅನೇಕ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಆ ಪೋರ್ಟ್ ನೇರ ಎನ್‌ವಿಡಿಯಾ ಚಿಪ್ಪಿಗೆ ಸೇರಿದೆ. ‘ಪ್ರೈಮ್-ಸೆಲೆಕ್ಟ್ ಕ್ವೆರಿ’ ಕೊಟ್ಟಾಗ ‘ಇಂಟೆಲ್’ ಎಂದು ಬಂದರೆ ಕಾರಣ ಸಿಕ್ಕಿತು, ‘ಸುಡೊ ಪ್ರೈಮ್-ಸೆಲೆಕ್ಟ್ ಆನ್-ಡಿಮಾಂಡ್’ ಕೊಟ್ಟು ರೀಬೂಟ್ ಮಾಡಿ. ಡೆಸ್ಕ್‌ಟಾಪಿನವರು ಕೇಬಲ್ ಮದರ್‌ಬೋರ್ಡಿಗೆ ಸಿಕ್ಕಿಸಿದ್ದೀರೋ ಕಾರ್ಡಿಗೋ ಎಂದು ಹಿಂದೆ ಬಗ್ಗಿ ನೋಡಿ. ನಗಬೇಡಿ, ಆಗುತ್ತದೆ.

ಫೆಡೋರಾದವರಿಗೆ

ಆರ್‌ಪಿಎಂ ಫ್ಯೂಷನ್‌ನಿಂದ ‘ಎಕೆಮಾಡ್-ಎನ್‌ವಿಡಿಯಾ’ ಹಾಕಿದ ತಕ್ಷಣ ರೀಬೂಟ್ ಮಾಡಬೇಡಿ. ಡಿಎನ್‌ಎಫ್ ಮುಗಿಯಿತು ಎಂದರೂ ಹಿನ್ನೆಲೆಯಲ್ಲಿ ಮಾಡ್ಯೂಲ್ ಕಂಪೈಲ್ ಆಗುತ್ತಿರುತ್ತದೆ, ಐದು ನಿಮಿಷ ಬೇಕಾಗಬಹುದು. ‘ಮಾಡ್‌ಇನ್ಫೊ -ಎಫ್ ವರ್ಷನ್ ಎನ್‌ವಿಡಿಯಾ’ ಕೊಟ್ಟು, ಇಲ್ಲಿ ‘ಎಫ್’ ದೊಡ್ಡಕ್ಷರ, ಸಂಖ್ಯೆ ಬಂದ ಮೇಲೆ ರೀಬೂಟ್ ಮಾಡಿ. ಸೆಕ್ಯೂರ್ ಬೂಟ್ ವಿಷಯ ಇಲ್ಲೂ ಅದೇ, ಕೀಲಿ ಇರುವ ಜಾಗ ಮಾತ್ರ ಬೇರೆ: ‘/ಇಟಿಸಿ/ಪಿಕೆಐ/ಎಕೆಮಾಡ್ಸ್/ಸರ್ಟ್ಸ್’.

ಯಾರನ್ನಾದರೂ ಕೇಳುವ ಮೊದಲು

ಇಷ್ಟಾದರೂ ಬಗೆಹರಿಯದೆ ತಿಳಿದವರ ಸಹಾಯ ಕೇಳುವುದಾದರೆ ‘ಡ್ರೈವರ್ ಕೆಲಸ ಮಾಡ್ತಿಲ್ಲ, ಹೆಲ್ಪ್ ಮಾಡಿ’ ಎಂದಷ್ಟೇ ಬರೆಯಬೇಡಿ. ಎಲ್‌ಎಸ್‌ಪಿಸಿಐ ತೋರಿಸಿದ ಚಿಪ್ ಸಂಕೇತ, ಯುನೇಮ್ ಉತ್ತರ, ಡಿಕೆಎಂಎಸ್ ಸ್ಟೇಟಸ್, ಮೋಕ್‌ಯುಟಿಲ್ ಉತ್ತರ, ಮಾಡ್‌ಪ್ರೋಬ್ ಕೊಟ್ಟ ದೋಷದ ಸಾಲು ಇವನ್ನು ಪಠ್ಯವಾಗಿ ಅಂಟಿಸಿ. ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದು ಕಳಿಸಿದರೆ ಓದುವವರಿಗೆ ಕಷ್ಟ. ಕಪ್ಪು ಪರದೆಯ ಬೂಟ್ ಹಿಂದಿನ ಸಲದ್ದಾಗಿದ್ದರೆ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಆ ಸಲದ ಕರ್ನಲ್ ಸಂದೇಶಗಳನ್ನು ತೆಗೆದುಕೊಡುತ್ತದೆ. ‘ಸುಡೊ ಎನ್‌ವಿಡಿಯಾ-ಬಗ್-ರಿಪೋರ್ಟ್.ಎಸ್‌ಎಚ್’ ಓಡಿಸಿದರೆ ಎಲ್ಲವನ್ನೂ ಒಟ್ಟು ಮಾಡಿ ಒಂದು ಜಿಜಿಪ್ ಫೈಲ್ ಮಾಡಿಕೊಡುತ್ತದೆ. ಅದರಲ್ಲಿ ನಿಮ್ಮ ಯಂತ್ರದ ಹೆಸರು, ಸಿಸ್ಟಂ ಲಾಗ್ ಎಲ್ಲ ಇರುತ್ತವೆ. ಹಂಚುವ ಮೊದಲು ಒಮ್ಮೆ ತೆರೆದು ನೋಡಿ.